ಗಣಕಯಂತ್ರಕ್ಕೆ ‘ಹಲೋ’ ಎಂದವರು

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತದ ಅಧ್ಯಾಪಕರೊಬ್ಬರು ಹದಿನೈದು ದಿನಕ್ಕೊಮ್ಮೆ ಬೆಳಗಿನ ರೈಲು ಹಿಡಿದು ಬಾಸ್ಟನ್ ಕಡೆಗೆ ಹೊರಡುತ್ತಿದ್ದರು. ಕೈಯಲ್ಲೊಂದು ಉಕ್ಕಿನ ಪೆಟ್ಟಿಗೆ, ಅದರ ತುಂಬ ರಂಧ್ರ ಕೊರೆದ ಕಾರ್ಡುಗಳು. ಅವೆಲ್ಲ ಅವರೂ ಅವರ ಸಹೋದ್ಯೋಗಿಗಳೂ ಬರೆದ ಪ್ರೋಗ್ರಾಮುಗಳು. ಅವನ್ನು ಎಂ.ಐ.ಟಿ.ಯ ಗಣಕಯಂತ್ರಕ್ಕೆ ಉಣಿಸಿ, ಬಂದ ಉತ್ತರ ಹೊತ್ತು ಮರಳುವುದು ಥಾಮಸ್ ಕರ್ಟ್ಸ್ ಅವರ ಪರಿಪಾಠ. ಆ ದಿನ ತಿದ್ದಲಾಗದೆ ಉಳಿದ ತಪ್ಪಿಗೆ ಮತ್ತೆರಡು ವಾರ ಕಾಯಬೇಕಿತ್ತು.

‘ಬೇಸಿಕ್’ ಎಂಬ ಕಂಪ್ಯೂಟರ್ ಭಾಷೆಯ ಹಿಂದೆ ಈ ಕಾಯುವಿಕೆಯ ಬೇಸರವೂ ಇದೆ ಎಂದರೆ ತಪ್ಪಾಗಲಾರದು.

ಕರ್ಟ್ಸ್ ಅವರ ವಿಭಾಗದ ಮುಖ್ಯಸ್ಥ ಜಾನ್ ಕೆಮೆನಿ, 1926ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ 1940ರಲ್ಲಿ ಅಮೆರಿಕಕ್ಕೆ ಬಂದವರು. ಕೆಲಕಾಲ ಐನ್‌ಸ್ಟೈನರಿಗೆ ಗಣಿತದ ಸಹಾಯಕರಾಗಿದ್ದವರು. ಕಾಲೇಜಿನ ಮುಕ್ಕಾಲು ಪಾಲು ವಿದ್ಯಾರ್ಥಿಗಳು ವಿಜ್ಞಾನ, ಎಂಜಿನಿಯರಿಂಗ್ ಓದುವವರಲ್ಲ ಎಂಬುದು ಇಬ್ಬರನ್ನೂ ಕಾಡುತ್ತಿತ್ತು. ನಾಳೆ ಕಂಪೆನಿಗಳಲ್ಲಿ, ಸರ್ಕಾರದಲ್ಲಿ ಅಧಿಕಾರ ಹಿಡಿಯುವವರು ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರ ಓದಿದ ಇವರೇ. ಯಂತ್ರದಿಂದ ಏನಾದೀತು, ಏನಾಗದು ಎಂಬ ಅರಿವೇ ಇಲ್ಲದವರು ಅದರ ಕುರಿತು ತೀರ್ಮಾನ ಮಾಡಿದರೆ ಗತಿಯೇನು? ಉಪನ್ಯಾಸ ಕೇಳಿಸಿದರೆ ಸಾಲದು, ಪ್ರತಿಯೊಬ್ಬನೂ ಕೈಯಾರೆ ಪ್ರೋಗ್ರಾಮ್ ಬರೆಯಬೇಕು ಎಂದು ಅವರು ನಿಶ್ಚಯಿಸಿದರು. (‘ಪ್ರತಿಯೊಬ್ಬನೂ’ ಎಂಬುದು ಇಲ್ಲಿ ಅಕ್ಷರಶಃ ನಿಜ. ಡಾರ್ಟ್‌ಮತ್ ಆಗ ಗಂಡುಮಕ್ಕಳ ಕಾಲೇಜು. ಮುಂದೆ 1972ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಾಗ ಕಾಲೇಜಿನ ಅಧ್ಯಕ್ಷರಾಗಿದ್ದವರು ಇದೇ ಕೆಮೆನಿ.)

ಆದರೆ ಭಾಷೆ ಎಲ್ಲಿತ್ತು? 1957ರಲ್ಲಿ ಬಂದ ಫೋರ್ಟ್ರಾನ್ ವಿಜ್ಞಾನಿಗಳಿಗೆಂದೇ ಹುಟ್ಟಿದ್ದು. ಒಂದು ಕೆಲಸವನ್ನು ಹಲವು ಸಲ ಮಾಡು ಎಂದು ಅದರಲ್ಲಿ ಹೇಳಬೇಕಾದರೆ ಬರಿಯ ಅಂಕಿಗಳನ್ನು ಸಾಲಾಗಿ ಬರೆಯಬೇಕು. ಯಾವುದು ಮೊದಲ ಅಂಕಿ, ಯಾವುದು ಕೊನೆಯದು, ಅಲ್ಪವಿರಾಮ ಎಲ್ಲಿ ಎಂಬುದನ್ನು ನೆನಪಿಡುವುದೇ ಹೊಸಬರಿಗೆ ತಲೆನೋವು. ಇಬ್ಬರೂ ಸೇರಿ ರೂಪಿಸಿದ ಹೊಸ ಭಾಷೆಯಲ್ಲಿ ಅದೇ ಮಾತು ಬಹುಮಟ್ಟಿಗೆ ಆಡುನುಡಿಯಂತಿತ್ತು. ಒಂದರಿಂದ ಹತ್ತರವರೆಗಿನ ಅಂಕಿಗಳನ್ನು ಕೂಡಿಸುವ ಪ್ರೋಗ್ರಾಮ್ ನೋಡಿ:

10 ಲೆಟ್ ಎಸ್ = 0
20 ಫಾರ್ ಐ = 1 ಟು 10
30 ಲೆಟ್ ಎಸ್ = ಎಸ್ + ಐ
40 ನೆಕ್ಸ್ಟ್ ಐ
50 ಪ್ರಿಂಟ್ ಎಸ್
60 ಎಂಡ್

ಎಸ್ ಮತ್ತು ಐ ಎಂಬುವು ಅಡುಗೆಮನೆಯ ಹೆಸರು ಬರೆದ ಡಬ್ಬಿಗಳಿದ್ದಂತೆ. ಹೆಸರು ಬದಲಾಗದು, ಒಳಗಿನ ಸಾಮಾನು ಬದಲಾಗುತ್ತದೆ. ಮೊದಲ ಸಾಲು ಎಸ್ ಡಬ್ಬಿಯಲ್ಲಿ ಸೊನ್ನೆ ಇಡುತ್ತದೆ. ಎರಡನೆಯದು ಐ ಡಬ್ಬಿಯಲ್ಲಿ 1 ಇಡುತ್ತದೆ. ನಲವತ್ತನೆಯ ಸಾಲು ತಲುಪಿದಾಗಲೆಲ್ಲ ಐ ಒಂದು ಹೆಚ್ಚಿ, ಹತ್ತು ಮುಗಿಯುವವರೆಗೆ ಯಂತ್ರ ಹಿಂದಿರುಗಿ ಸುತ್ತು ಹಾಕುತ್ತದೆ. ಕೊನೆಗೆ 55 ಎಂದು ಅಚ್ಚಾಗುತ್ತದೆ. ಗಣಿತ ಓದಿದವರು ಎಡವುವುದು ಮೂವತ್ತನೆಯ ಸಾಲಿನಲ್ಲಿ. ಎಸ್ ಎಂಬುದು ಎಸ್ ಮತ್ತು ಐಗಳ ಮೊತ್ತಕ್ಕೆ ಸಮವಾಗುವುದು ಹೇಗೆ? ಅದು ಸಮೀಕರಣವಲ್ಲ, ಅಪ್ಪಣೆ: ಡಬ್ಬಿಯಲ್ಲಿದ್ದುದಕ್ಕೆ ಐ ಸೇರಿಸಿ ಮತ್ತೆ ಅದೇ ಡಬ್ಬಿಯಲ್ಲಿಡು. ‘ಲೆಟ್’ ಎಂಬ ಪದ ಸಾಲಿನ ಮೊದಲಿಗೇ ನಿಂತು ಆ ಎಚ್ಚರ ಹೇಳುತ್ತದೆ. ಸಾಲುಗಳಿಗೆ ಹತ್ತು ಹತ್ತರ ಅಂತರ ಬಿಟ್ಟಿರುವುದೂ ಬೇಕೆಂದೇ. ಮರೆತದ್ದೇನಾದರೂ ಇದ್ದರೆ 35 ಎಂದು ಬರೆದು ನಡುವೆ ತೂರಿಸಬಹುದು.

ಇಷ್ಟಾದರೂ ಭಾಷೆ ಅರ್ಧ ಕೆಲಸ ಮಾತ್ರ. ಉತ್ತರಕ್ಕೆ ದಿನಗಟ್ಟಲೆ ಕಾಯಬೇಕಾದರೆ ಸುಲಭ ಭಾಷೆಯಿಂದಲೂ ಹುಡುಗರು ಕಲಿಯಲಾರರು. ಮದುವೆಮನೆಯಲ್ಲಿ ಬಡಿಸುವವನು ಪಂಕ್ತಿಯುದ್ದಕ್ಕೂ ಪ್ರತಿ ಎಲೆಗೂ ಒಂದೊಂದು ಸೌಟು ಹಾಕುತ್ತ ಹೋಗುವಂತೆ, ಒಂದೇ ಯಂತ್ರ ಹಲವರಿಗೆ ಕ್ಷಣ ಕ್ಷಣ ಸಮಯ ಹಂಚಿದರೆ? ಯಾರಿಗೂ ಕಾದಂತೆ ಅನ್ನಿಸದು. ಈ ವ್ಯವಸ್ಥೆಯ ಪ್ರೋಗ್ರಾಮುಗಳನ್ನು ಬರೆದವರಲ್ಲಿ ಬಹುಪಾಲು ಪದವಿ ತರಗತಿಯ ಹುಡುಗರೇ. 1964ರ ಮೇ 1ರ ಬೆಳಗಿನ ಜಾವ ನಾಲ್ಕಕ್ಕೆ, ಟೈಪ್‌ರೈಟರಿನಂಥ ಎರಡು ಟೆಲಿಟೈಪ್‌ಗಳಿಂದ ಒಟ್ಟಿಗೇ ಓಡಿಸಿದ ಪ್ರೋಗ್ರಾಮುಗಳಿಗೆ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಯಂತ್ರ ಸರಿಯುತ್ತರ ಕೊಟ್ಟಿತು.

ಅಲ್ಲಿಂದ ಮುಂದೆ ತಪ್ಪು ಮಾಡುವುದು ಅಗ್ಗವಾಯಿತು. ತಪ್ಪಿದ ಸಾಲನ್ನು ಅದೇ ಸಂಖ್ಯೆ ಹಾಕಿ ಮತ್ತೆ ಬೆರಳಚ್ಚಿಸಿದರೆ ಹಳೆಯದು ಅಳಿದು ಹೊಸದು ಕೂರುತ್ತಿತ್ತು. ‘ಹಲೋ’ ಎಂದು ಬರೆದರೆ ಯಂತ್ರದ ಪ್ರವೇಶ, ‘ಗುಡ್‌ಬೈ’ ಎಂದರೆ ವಿದಾಯ. ಗಣಕಯಂತ್ರ ಗ್ರಂಥಾಲಯದಂತೆ ಎಲ್ಲರಿಗೂ ತೆರೆದಿರಬೇಕು ಎಂಬುದು ಕೆಮೆನಿಯವರ ಹಟ, ವಿದ್ಯಾರ್ಥಿಗಳಿಂದ ಶುಲ್ಕ ಪಡೆಯುತ್ತಿರಲಿಲ್ಲ. ಗಣಿತದ ತರಗತಿಯಲ್ಲಿ ಎರಡು ಮೂರು ಉಪನ್ಯಾಸ, ಬಳಿಕ ಸ್ವಂತ ಅಭ್ಯಾಸ. 1968ರ ಹೊತ್ತಿಗೆ ಕಾಲೇಜಿನ ನೂರಕ್ಕೆ ಸುಮಾರು 80 ಮಂದಿ ಪ್ರೋಗ್ರಾಮ್ ಬರೆಯಲು ಕಲಿತಿದ್ದರು.

ಭಾಷೆಯನ್ನು ಯಾರು ಬೇಕಾದರೂ ಬಳಸಲು ಅವರು ಬಿಟ್ಟುಕೊಟ್ಟರು. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಅದನ್ನು ಆಲ್ಟೇರ್ ಎಂಬ ಪುಟ್ಟ ಯಂತ್ರಕ್ಕೆ ಹೊಂದಿಸಿ ಮಾರಿದರು. ಮೈಕ್ರೋಸಾಫ್ಟ್ ಕಂಪೆನಿಯ ಮೊದಲ ಸರಕು ಇದೇ. ಭಾರತಕ್ಕೂ ಬೇಸಿಕ್ ಬಂತು. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಸುಮಾರು 250 ಶಾಲೆಗಳಿಗೆ ಹಂಚಲಾದ ಬಿ.ಬಿ.ಸಿ. ಮೈಕ್ರೋ ಗಣಕಯಂತ್ರಗಳಲ್ಲಿ ಗುಂಡಿ ಒತ್ತಿದೊಡನೆ ಎದುರಾಗುತ್ತಿದ್ದುದು ಈ ಭಾಷೆಯೇ.

ಟೀಕೆಯೂ ಕಡಿಮೆಯಿರಲಿಲ್ಲ. ಬೇಸಿಕ್ ಕಲಿತು ಬಂದ ವಿದ್ಯಾರ್ಥಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಅಸಾಧ್ಯವೆಂದೇ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1975ರಲ್ಲಿ ಬರೆದರು. ಮಾತು ಅತಿಯಾಯಿತು, ಆದರೆ ಪೂರ್ತಿ ಸುಳ್ಳಲ್ಲ. ‘ಗೋಟು’ ಎಂಬ ಆಜ್ಞೆಯಿಂದ ಮನಬಂದ ಸಾಲಿಗೆ ಹಾರಬಹುದಿತ್ತು. ಹಾಗೆ ಹಾರಿ ಹಾರಿ ಪ್ರೋಗ್ರಾಮು ಬರೆದವನಿಗೇ ಅರ್ಥವಾಗದ ಗೋಜಲಾಗುತ್ತಿತ್ತು. ಸ್ವತಃ ಕೆಮೆನಿ, ಕರ್ಟ್ಸ್ ಕೂಡ ಪುಟ್ಟ ಯಂತ್ರಗಳಿಗೆ ಇಳಿಸಿದ ರೂಪಗಳನ್ನು ‘ಬೀದಿ ಬೇಸಿಕ್’ ಎಂದು ಹಳಿದು, ಎಂಬತ್ತರ ದಶಕದಲ್ಲಿ ‘ಟ್ರೂ ಬೇಸಿಕ್’ ಎಂಬ ತಿದ್ದಿದ ಆವೃತ್ತಿ ತಂದರು. ಅದು ಬೀದಿಯ ತಮ್ಮನಷ್ಟು ಜನಪ್ರಿಯವಾಗಲಿಲ್ಲ.

ಕೆಮೆನಿ 1992ರಲ್ಲಿ ತೀರಿಕೊಂಡರು. ಕರ್ಟ್ಸ್ 2024ರ ನವೆಂಬರಿನಲ್ಲಿ, 96ನೆಯ ವಯಸ್ಸಿನಲ್ಲಿ. ಬೇಸಿಕ್ ಹುಟ್ಟಿದ್ದು ಇಲ್ಲಿಯೇ ಎಂದು ಸಾರುವ ಸರ್ಕಾರಿ ಫಲಕವೊಂದನ್ನು ನ್ಯೂ ಹ್ಯಾಂಪ್‌ಷೈರ್ ರಾಜ್ಯ 2019ರಲ್ಲಿ, ಡಾರ್ಟ್‌ಮತ್ ಕಾಲೇಜಿರುವ ಹ್ಯಾನೋವರ್ ಊರಿನ ಹೆದ್ದಾರಿ ಬದಿಯಲ್ಲಿ ನೆಟ್ಟಿದೆ.