ಕರಾರು ಒಂದು, ಸರ್ಕಾರ ನಾಲ್ಕು

ಎಚ್.ಡಿ. ದೇವೇಗೌಡರು 1994ರಲ್ಲಿ ವಿಧಾನಸಭೆಗೆ ಗೆದ್ದು ಬಂದದ್ದು ರಾಮನಗರದಿಂದ. ಅವರು ಮುಖ್ಯಮಂತ್ರಿಯಾದ ಮೂರು ತಿಂಗಳೊಳಗೆ, 1995ರ ಫೆಬ್ರುವರಿಯಲ್ಲಿ, ಬೆಂಗಳೂರು–ಮೈಸೂರು ನಡುವೆ ಹೊಸ ಎಕ್ಸ್‌ಪ್ರೆಸ್‌ವೇ ಕಟ್ಟಲು ಖಾಸಗಿ ಕಂಪನಿಗಳ ಕೂಟದೊಂದಿಗೆ ತಿಳಿವಳಿಕೆ ಪತ್ರಕ್ಕೆ ಸಹಿ ಬಿತ್ತು. ಅಲ್ಲಿಂದ ಶುರುವಾದದ್ದು ರಾಜ್ಯ ಕಂಡ ಅತಿ ಉದ್ದನೆಯ ಕರಾರು ವ್ಯಾಜ್ಯಗಳಲ್ಲೊಂದು.

1997ರ ಏಪ್ರಿಲ್ 3ರಂದು ಜೆ.ಎಚ್. ಪಟೇಲರ ಸರ್ಕಾರ ಆ ಕೂಟ ಹುಟ್ಟುಹಾಕಿದ ನೈಸ್ ಕಂಪನಿಯೊಂದಿಗೆ ಫ್ರೇಮ್‌ವರ್ಕ್ ಒಪ್ಪಂದ ಮಾಡಿಕೊಂಡಿತು. 111 ಕಿ.ಮೀ. ರಸ್ತೆ, ದಾರಿಯುದ್ದಕ್ಕೂ ಐದು ಟೌನ್‌ಶಿಪ್, ಒಟ್ಟು 20,193 ಎಕರೆ ಜಮೀನು. ಅದರಲ್ಲಿ ರಸ್ತೆಗೆ 6,999 ಎಕರೆ, ಉಳಿದದ್ದೆಲ್ಲ ಟೌನ್‌ಶಿಪ್‌ಗೆ. ಸ್ವಾಧೀನದ ಹೊಣೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದು (ಕೆಐಎಡಿಬಿ). ರಸ್ತೆಗಿಂತ ಊರುಗಳಿಗೇ ಹೆಚ್ಚು ನೆಲವೇಕೆ ಎಂಬ ತಕರಾರು ಆಗಲೇ ಎದ್ದಿತ್ತು.

ಆ ತಕರಾರು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಹೈಕೋರ್ಟ್ ಮುಟ್ಟಿದಾಗ, ಕಂಪನಿಯ ಜೊತೆ ನಿಂತು ಯೋಜನೆಯನ್ನು ಸಮರ್ಥಿಸಿದ್ದು ಸರ್ಕಾರವೇ. ಇಷ್ಟು ಜಮೀನು ಬೇಕೇಬೇಕು ಎಂಬುದು ಅದರ ನಿಲುವು. 1998ರಲ್ಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು. ಮರುವರ್ಷ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ತಳ್ಳಿಹಾಕಿತು.

ಮುಂದೆ ವಿಧಾನಸೌಧದ ಮಾತು ಬದಲಾಯಿತು. ಜಮೀನು ಅಗತ್ಯಕ್ಕಿಂತ ಹೆಚ್ಚಾಯಿತು ಎಂದು ಸರ್ಕಾರವೇ ವಾದಿಸತೊಡಗಿತು.

ಅನುಭವಿ ವಕೀಲರ ಬೆಲೆ ಗೊತ್ತಾಗುವುದು ಇಂಥ ಘಟ್ಟದಲ್ಲಿ. ಎಕರೆ ಲೆಕ್ಕದ ಜಗಳಕ್ಕೆ ಇಳಿಯುವ ಮೊದಲೇ ನೈಸ್ ಪರ ಎದ್ದ ಪ್ರಶ್ನೆ ಬೇರೆ: ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ಕೆದಕಬಹುದೇ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಸೆಕ್ಷನ್ ಇದಕ್ಕೆ ಅಡ್ಡಗೋಡೆ. ವಕೀಲರ ಬಾಯಲ್ಲಿ ಅದು ‘ರೆಸ್ ಜ್ಯುಡಿಕಾಟಾ’. 2005ರಲ್ಲಿ ಹೈಕೋರ್ಟ್, 2006ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಿದವು. ಸಾರ್ವಜನಿಕ ಹಿತಾಸಕ್ತಿ ಪ್ರಕರಣಕ್ಕೂ ಈ ನಿಯಮ ಅನ್ವಯ ಎಂದಿತು ಸರ್ವೋಚ್ಚ ನ್ಯಾಯಾಲಯ. ಒಪ್ಪಂದವನ್ನು ಅಕ್ಷರಶಃ ಪಾಲಿಸಬೇಕು, ಸರ್ಕಾರ 5 ಲಕ್ಷ ರೂಪಾಯಿ ಖರ್ಚು ಕಟ್ಟಿಕೊಡಬೇಕು ಎಂಬ ಆದೇಶವೂ ಬಂತು. ತನ್ನದೇ ಹಳೆಯ ಹೇಳಿಕೆ ಸರ್ಕಾರಕ್ಕೆ ಮುಳುವಾಗಿತ್ತು.

ಆ ಹೊತ್ತಿಗೆ ಕರಾರು ನಾಲ್ಕನೇ ಮುಖ್ಯಮಂತ್ರಿಯನ್ನು ಕಂಡಿತ್ತು. ಕುರ್ಚಿಯಲ್ಲಿದ್ದವರು ಎಚ್.ಡಿ. ಕುಮಾರಸ್ವಾಮಿ, ಅವರೂ ರಾಮನಗರದ ಶಾಸಕರು.

ಗೆದ್ದ ತೀರ್ಪು ಕೈಲಿದ್ದರೂ ನೈಸ್ ರಸ್ತೆ ಮೈಸೂರು ಮುಟ್ಟಲಿಲ್ಲ. ಬೆಂಗಳೂರಿನ ಹೊರವಲಯದ ಪೆರಿಫೆರಲ್ ರಸ್ತೆಯಲ್ಲಿ ಟೋಲ್ ವಸೂಲಿ ನಡೆಯುತ್ತಿದೆ. ಬಿಡದಿ, ರಾಮನಗರ, ಚನ್ನಪಟ್ಟಣದವರು ಇಂದು ಮೈಸೂರಿಗೆ ಹೋಗುವುದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಹೆದ್ದಾರಿಯಲ್ಲಿ.

1997ರ ಒಪ್ಪಂದಕ್ಕೆ ಸಹಿ ಹಾಕದಿದ್ದ ಜಮೀನಿನ ಒಡೆಯರ ಸರದಿ ಬಂದದ್ದು ತೀರಾ ತಡವಾಗಿ. ಯೋಜನೆಗಾಗಿ 2003ರಲ್ಲಿ ಅಧಿಸೂಚನೆಯಾದ ಜಮೀನೊಂದರ ಪರಿಹಾರವನ್ನು 2019ರ ಏಪ್ರಿಲ್ 22ರ ಮಾರುಕಟ್ಟೆ ದರದಲ್ಲಿ ಲೆಕ್ಕ ಹಾಕುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2025ರ ಜನವರಿಯಲ್ಲಿ.