ಬರ್ಮಾ ದೃಶ್ಯಗಳು ಅಚ್ಚಾದ ಊರು

ಬೆಂಗಳೂರಿನ ಚರಿತ್ರೆ ಎಂದೊಡನೆ ಚಿಕ್ಕಪೇಟೆಯವರಾದ ನಮಗೆ ನೆನಪಾಗುವುದು ಕೆಂಪೇಗೌಡರ ಪೇಟೆ, ಟಿಪ್ಪು ಸುಲ್ತಾನರ ಅರಮನೆ. ಏಷ್ಯಾದ ಭೂದೃಶ್ಯ ಛಾಯಾಗ್ರಹಣದ ಒಂದು ದೊಡ್ಡ ಕಾರ್ಯವೂ ಇದೇ ಊರಿನಲ್ಲಿ ನಡೆಯಿತೆಂಬುದು ಎಷ್ಟು ಜನರಿಗೆ ಗೊತ್ತು?

ಲಿನೇಯಸ್ ಟ್ರೈಪ್ ಬೆಂಗಳೂರಿನಲ್ಲಿದ್ದ ಮದರಾಸು ಸೈನ್ಯದ ಅಧಿಕಾರಿ. 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದು ಹೆಸರಾದರು. 1852ರ ಯುದ್ಧದ ನಂತರ ಬ್ರಿಟಿಷರು ಕೆಳ ಬರ್ಮಾವನ್ನು ವಶಪಡಿಸಿಕೊಂಡಿದ್ದರು. 1855ರಲ್ಲಿ ಡಾಲ್‌ಹೌಸಿ ಅಲ್ಲಿನ ದೊರೆಯ ಬಳಿಗೆ ನಿಯೋಗ ಕಳುಹಿಸಿದಾಗ ಟ್ರೈಪ್ ಕೂಡ ಹೋದರು. ಸರ್ಕಾರಕ್ಕೆ ಬೇಕಾಗಿದ್ದದ್ದು ಸೌಂದರ್ಯವಷ್ಟೇ ಅಲ್ಲ, ಆ ನಾಡಿನ ಪರಿಚಯ ಎಂಬುದು ನನ್ನ ಅಭಿಪ್ರಾಯ.

ಆಗ ಫಿಲ್ಮ್ ಇರಲಿಲ್ಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಬೆಳಕು ಹೆಚ್ಚು ಹೊತ್ತು ಬೀಳಬೇಕಾದ್ದರಿಂದ ನಡೆದಾಡುವ ಜನ ಚಿತ್ರದಲ್ಲಿ ಮೂಡುತ್ತಿರಲಿಲ್ಲ. ಆಕಾಶವೂ ಸರಿಯಾಗಿ ಬರುತ್ತಿರಲಿಲ್ಲ. ಟ್ರೈಪ್ ನೆಗೆಟಿವ್ ಮೇಲೆ ಬಣ್ಣದಿಂದ ಮೋಡ, ಎಲೆಗಳನ್ನು ತಿದ್ದುತ್ತಿದ್ದರು! ಛಾಯಾಚಿತ್ರ ಸುಳ್ಳು ಹೇಳದೆನ್ನುವ ವಿದ್ಯಾರ್ಥಿಗಳು ಇದನ್ನು ಗಮನಿಸಲಿ.

ಬೆಂಗಳೂರಿಗೆ ಮರಳಿದ ಮೇಲೆ 120 ಚಿತ್ರಗಳ 50 ಸಂಪುಟಗಳನ್ನು, ಅಂದರೆ 6000 ಪ್ರತಿಗಳನ್ನು, ಸೂರ್ಯನ ಬೆಳಕಿನಲ್ಲೇ ಮುದ್ರಿಸಿದರು. ಕಾಗದ ತೊಳೆದು ಒಣಗಿಸಿದ ಕೈಗಳು ಯಾರವು? ಅವರಲ್ಲಿ ನಮ್ಮ ಊರಿನವರೂ ಇದ್ದಿರಬಹುದು.

ಆ ಸಂಪುಟಗಳಲ್ಲಿ ರಂಗೂನಿನ ಶ್ವೇಡಗಾನ್ ಪಗೋಡದ ನೋಟಗಳೂ ಇವೆ. ಉರ್ದು ಓದಿದವರಿಗೆ ರಂಗೂನ್ ಎಂದರೆ ಬಹಾದೂರ್ ಷಾ ಜಫರ್. ಟ್ರೈಪ್ ಕ್ಯಾಮೆರಾ ಹಿಡಿದು ಬಂದುಹೋದ ಮೂರು ವರ್ಷಕ್ಕೆ, 1858ರಲ್ಲಿ, ಅದೇ ಊರಿಗೆ ಅವರನ್ನು ಕೈದಿಯಾಗಿ ಒಯ್ದರು. 1862ರಲ್ಲಿ ಅಲ್ಲೇ ಮಣ್ಣು ಮಾಡಿದರು.