ಆನ್ಜಾಕ್ ದಿನ

ಯುದ್ಧಗಳಲ್ಲಿ ಮಡಿದ ಯೋಧರನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳು ಸ್ಮರಿಸುವ ರಾಷ್ಟ್ರೀಯ ದಿನ. ಪ್ರತಿವರ್ಷ ಏಪ್ರಿಲ್ 25. 1915ರ ಅದೇ ದಿನ ನಸುಕಿನಲ್ಲಿ ಎರಡೂ ದೇಶಗಳ ಜಂಟಿ ಸೇನಾದಳ, ಅಂದರೆ ಆನ್ಜಾಕ್, ತುರ್ಕಿಯ ಗಲಿಪೊಲಿ ಕರಾವಳಿಯಲ್ಲಿ ಇಳಿಯಿತು. ಜೊತೆಗೆ ಭಾರತದ ಪರ್ವತ ಫಿರಂಗಿ ದಳವೂ ಇತ್ತು. 8,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತ ಆ ದಂಡಯಾತ್ರೆ ವಿಫಲವಾಯಿತು. ಗೆಲುವನ್ನು ಬಿಟ್ಟು ಸೋತ ಯುದ್ಧದ ಮೊದಲ ದಿನವನ್ನೇ ಆರಿಸಿಕೊಂಡದ್ದು ಈ ಆಚರಣೆಯ ವಿಶೇಷ. ಇದು 1916ರಿಂದ ನಡೆದುಬಂದಿದೆ.

ಮುಖ್ಯವಾದದ್ದು ನಸುಕಿನ ಪ್ರಾರ್ಥನಾ ಸಭೆ. ಬೆಳಕು ಹರಿಯುವ ಮೊದಲೇ ಜನ ಊರಿನ ಸ್ಮಾರಕದ ಸುತ್ತ ನೆರೆಯುತ್ತಾರೆ. ಕಹಳೆಯಲ್ಲಿ ‘ಲಾಸ್ಟ್ ಪೋಸ್ಟ್’ ನುಡಿಸಿ ಮೌನ ಆಚರಿಸುತ್ತಾರೆ. ನಿವೃತ್ತ ಸೈನಿಕರು ತಮ್ಮ ಪದಕಗಳನ್ನು ಎದೆಯ ಎಡಕ್ಕೆ ಧರಿಸಿದರೆ, ಅಜ್ಜ ಮುತ್ತಜ್ಜಂದಿರ ಪದಕಗಳನ್ನು ವಂಶಸ್ಥರು ಬಲಕ್ಕೆ ಧರಿಸಬೇಕು. ಯಾರದು ಸ್ವಂತದ್ದು, ಯಾರದು ಬಳುವಳಿ ಎಂಬುದು ನೋಡಿದೊಡನೆ ತಿಳಿಯುತ್ತದೆ. ಕೋಟಿಗೆ ಸಿಕ್ಕಿಸುವ ರೋಸ್‌ಮೇರಿ ಎಸಳು ಗಲಿಪೊಲಿಯಲ್ಲಿ ತಾನಾಗಿ ಬೆಳೆಯುವ ಗಿಡದ್ದು. ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಕಂಚಿನ ಫಲಕಗಳ ಮೇಲಿನ ಹೆಸರುಗಳ ಪಕ್ಕದ ಸಂದಿಗೆ ಕೆಂಪು ಗಸಗಸೆ ಹೂ ಸಿಕ್ಕಿಸುವುದು ವಾಡಿಕೆ. ಬೆಳಗ್ಗೆ ಮೆರವಣಿಗೆ. ಮಧ್ಯಾಹ್ನದ ನಂತರ ಗಾಂಭೀರ್ಯ ಸಡಿಲಿ, ಪಬ್‌ಗಳಲ್ಲಿ ನಾಣ್ಯ ಚಿಮ್ಮುವ ‘ಟೂ-ಅಪ್’ ಜೂಜು ನಡೆಯುತ್ತದೆ.